ತಾರಸಿಯ ಮೂರು ಹುಲ್ಲುಗಳು: ಫೌಂಟನ್ ಗ್ರಾಸ್, ಲಾವಂಚ, ಮಜ್ಜಿಗೆ ಹುಲ್ಲು

ಒಂದು ಬುಡ ಹುಲ್ಲಿಗೆ 120 ರೂಪಾಯಿ ಕೊಟ್ಟೆನೆಂದು ಹೇಳಿದಾಗ ಧಾರವಾಡದಲ್ಲಿರುವ ಅವ್ವ ಫೋನಿನಲ್ಲೇ ನಕ್ಕಳು. "ಜೊತೆಗೆ ಆಕಳನ್ನೂ ಕೊಟ್ಟರೇನು?"

ಅದು ಉರುಳಿ ಕಾಂಚನದ ನರ್ಸರಿಯೊಂದರಿಂದ ತಂದ ಪರ್ಪಲ್ ಫೌಂಟನ್ ಗ್ರಾಸ್. ಪುಣೆಯ ಕೋಥರೂಡಿನ ನಮ್ಮ ತಾರಸಿಯಲ್ಲಿ ಅದರ ಪಕ್ಕದಲ್ಲೇ ಇನ್ನೆರಡನ್ನು ಬೆಳೆಸಿದೆ. ಶಿರಸಿಯ ಬೀಗರ ಹಿತ್ತಲಿನಿಂದ ಬಂದ ಲಾವಂಚ ಒಂದು, ಪಕ್ಕದ ಮನೆಯ ಕಾಕು ಕೊಟ್ಟ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಇನ್ನೊಂದು. ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ.

ಚೆಲುವಿನಲ್ಲಿ ಫೌಂಟನ್ ಗ್ರಾಸಿಗೆ ಎದುರಿಲ್ಲ. ಅಕ್ಟೋಬರಿನ ಇಳಿಬಿಸಿಲಿನಲ್ಲಿ ಅದರ ನೇರಳೆಹಣ್ಣಿನ ಬಣ್ಣದ ಗರಿಗಳು, ಅಳಿಲಿನ ಬಾಲದಂಥ ತೆನೆಗಳು ಬಾಗಿ ನಿಂತಾಗ ಬಟ್ಟೆ ಒಣಹಾಕಲು ಬಂದವರೂ ಕೈ ತಡೆದು ನೋಡುತ್ತಾರೆ. ಆದರೆ ಬಿಸಿಲಿಲ್ಲದಿದ್ದರೆ ಆ ಬಣ್ಣವಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯ ಅಕ್ಕನಿಗೆ ಒಂದು ಬುಡ ಸೀಳಿ ಕೊಟ್ಟಿದ್ದೆ. ಅವಳ ಬಾಲ್ಕನಿಗೆ ಬೆಳಿಗ್ಗೆ ಎರಡು ತಾಸು ಬಿಸಿಲು, ಅಷ್ಟೇ. ಗರಿಗಳು ಮೆಲ್ಲಗೆ ಹಸಿರಾದವು, ಜುಲೈಯಲ್ಲಿ ಬುಡವೇ ಕೊಳೆಯಿತು. ಮೂಲತಃ ಒಣನೆಲದ ಹುಲ್ಲು ಅದು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಮುಂಬಯಿ ಕಡೆ 2,000 ದಾಟುತ್ತದೆ. ಇಲ್ಲಿಯೂ ಜೋರು ಮಳೆಯ ಮರುದಿನ ತೆನೆಗಳು ನೆನೆದು ಕುಂಡದ ಸುತ್ತ ಮಲಗಿರುತ್ತವೆ. ಫೆಬ್ರುವರಿಯಲ್ಲಿ ಗೇಣುದ್ದ ಬಿಟ್ಟು ಕತ್ತರಿಸಿದರೆ ಹೊಸದಾಗಿ ಚಿಗುರುತ್ತದೆ. ನೇರಳೆ ತಳಿ ಬೀಜ ಕಟ್ಟುವುದು ಅಪರೂಪ, ಹಾಗಾಗಿ ಕಂಡಲ್ಲೆಲ್ಲ ಹರಡುವ ಭಯವಿಲ್ಲ. ಹಸಿರು ತಳಿಯನ್ನು ಮಾತ್ರ ತರಬೇಡಿ, ಹವಾಯಿಯಲ್ಲಿ ಅದು ದೊಡ್ಡ ಕಳೆ.

ಲಾವಂಚ ಮೊದಲ ನಾಲ್ಕು ತಿಂಗಳು ನನ್ನ ಮಾನ ಕಳೆಯಿತು. ಮನೆಗೆಲಸದ ಮೌಶಿ ಅದನ್ನು ಕಸವೆಂದು ಕೀಳಲು ಕೈ ಹಾಕಿದ್ದರು. ಆಮೇಲೆ ಎದೆಯೆತ್ತರ ಬೆಳೆಯಿತು. ಬಣ್ಣವಿಲ್ಲ, ಹೇಳಿಕೊಳ್ಳುವಂಥ ತೆನೆಯೂ ಇಲ್ಲ. ಆದರೆ ನೆಟ್ಟಗೆ ನಿಲ್ಲುತ್ತದೆ, ಗಾಳಿ ಬಂದರೆ ಸರಸರ ಸದ್ದು ಮಾಡುತ್ತದೆ. ಮಳೆ ಎಷ್ಟೇ ಹೊಡೆಯಲಿ, ಬೀಳಲಿಲ್ಲ, ಕೊಳೆಯಲಿಲ್ಲ. ತಪ್ಪು ಮಾಡಿದ್ದು ನಾನು: ಅದನ್ನು ಹನ್ನೆರಡು ಇಂಚಿನ ಮಣ್ಣಿನ ಕುಂಡದಲ್ಲಿ ನೆಟ್ಟಿದ್ದೆ. ನೆಲದಲ್ಲಿ ಮೂರು ಮೀಟರ್ ಆಳಕ್ಕೆ ಇಳಿಯಬಲ್ಲ ಬೇರು ಅಲ್ಲಿ ಸುತ್ತಿ ಸುತ್ತಿ, ಎರಡನೆಯ ಬೇಸಿಗೆಯಲ್ಲಿ ಕುಂಡವನ್ನೇ ಸೀಳಿತು. ಒಡೆದ ಚೂರುಗಳ ನಡುವೆ ಬೇರಿನ ಗಂಟು ಕುಂಡದ ಆಕಾರದಲ್ಲೇ ನಿಂತಿತ್ತು! ಅರ್ಧ ಬೇರು ಕತ್ತರಿಸಿಕೊಂಡು, ಉಳಿದದ್ದನ್ನು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮತ್ತೆ ನೆಟ್ಟೆ. ಕತ್ತರಿಸಿದ ಘಮಘಮಿಸುವ ಬೇರನ್ನು ತೊಳೆದು ನೆರಳಲ್ಲಿ ಒಣಗಿಸಿ ಕುಡಿಯುವ ನೀರಿನ ಮಡಕೆಗೆ ಹಾಕಿದೆವು. ಆ ಮೇ ತಿಂಗಳು ಫ್ರಿಜ್ಜಿನ ನೀರನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮಜ್ಜಿಗೆ ಹುಲ್ಲಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಊರಲ್ಲಿ ನಾವು ಮಜ್ಜಿಗೆಗೆ ಹಾಕುವುದನ್ನೇ ಇಲ್ಲಿನವರು ಗವತಿ ಚಹಾ ಎನ್ನುತ್ತಾರೆ. ಲೋಟದ ನೀರಿನಲ್ಲಿ ದಂಟು ಇಟ್ಟರೂ ಬೇರು ಬಿಡುತ್ತದೆ, ಅಕ್ಕನ ಎರಡು ತಾಸಿನ ಬಿಸಿಲಿನಲ್ಲೂ ತೆಳ್ಳಗೆ ಬದುಕಿದೆ. ಮಳೆಗಾಲದಲ್ಲಿ ಎಲೆಗೆ ತುಕ್ಕಿನ ಚುಕ್ಕೆ ಬರುತ್ತದೆ, ಅಂಚು ಕೈ ಕೊಯ್ಯುತ್ತದೆ. ಚೆಂದಕ್ಕೆಂದು ಬೆಳೆಸಿದರೆ ಆಗದು: ಪೊದೆಗೊಂದು ಆಕಾರ ಬಂತು ಎನ್ನುವಷ್ಟರಲ್ಲಿ ಕಾಕು ಕತ್ತರಿ ಹಿಡಿದು ಬರುತ್ತಾರೆ. ಕೊಟ್ಟವರು ಅವರೇ ಆದ್ದರಿಂದ ಬೇಡ ಎನ್ನುವಂತಿಲ್ಲ.

ಆರು ತಾಸು ಬಿಸಿಲು ಬೀಳುವ ಜಾಗವಿದ್ದು, ನೋಡುವುದಕ್ಕೇ ಬೇಕೆಂದರೆ ಫೌಂಟನ್ ಗ್ರಾಸ್ ತನ್ನಿ. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಲಾವಂಚವನ್ನು ಇಟ್ಟುಕೊಳ್ಳುತ್ತೇನೆ, ಡ್ರಮ್ಮಿನಲ್ಲಿ. ಅಕ್ಕನೂ ಕೇಳಿದ್ದಳು. ನಿನ್ನ ಬಾಲ್ಕನಿಯ ನೆರಳಿಗೆ ಅದು ಸೊರಗುತ್ತದೆ ಎಂದೆ.

"ಗಿಡ ಯಾರಿಗೆ ಬೇಕು? ಮಡಕೆಗೆ ಹಾಕಲು ಬೇರು ಕಳಿಸು," ಎಂದಳು.