ದುಬಾರಿ ಕಿಟ್ ಬೇಡ: ನಿಬ್ ನುಣುಪು ಮಾಡುವ ಅಗ್ಗದ ಸಾಮಾನುಗಳು, ಮೂರು ವರ್ಷದ ಬಳಕೆಯ ನಂತರ

ಇಂಕ್ ಪೆನ್ನಿನ ನಿಬ್ ಕಾಗದವನ್ನು ಕೆರೆಯುತ್ತಿದ್ದರೆ ಮನೆಯಲ್ಲೇ ಸರಿಮಾಡಬಹುದು. ಅದಕ್ಕೆಂದೇ ಆಮದಾಗಿ ಬರುವ ಕಿಟ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಮೈಕ್ರೋಮೆಶ್ ಎಂಬ ನಯವಾದ ಉಜ್ಜುವ ಹಾಳೆಯ ತುಂಡು, ಲ್ಯಾಪಿಂಗ್ ಫಿಲ್ಮ್ ಎಂಬ ಪ್ಲಾಸ್ಟಿಕ್ ಬೆನ್ನಿನ ಉಜ್ಜುವ ಹಾಳೆಯ ಒಂದೆರಡು ಪಟ್ಟಿ, ತೆಳುವಾದ ಹಿತ್ತಾಳೆ ಹಾಳೆ. ಇವೆಲ್ಲ ಬೇರೆ ಬೇರೆ ಕಸುಬಿನವರ ಸಾಮಾನು. ಆಯಾ ಕಸುಬಿನ ಅಂಗಡಿಯಲ್ಲಿ ಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಮೂರು ವರ್ಷ, ಹೆಚ್ಚಾಗಿ ಸ್ಟೀಲ್ ನಿಬ್‌ಗಳ ಮೇಲೆ, ಬಳಸಿ ನೋಡಿದ ಮೇಲೆ ಯಾವುದು ಉಳಿಯಿತು, ಯಾವುದು ಡಬ್ಬದ ತಳ ಸೇರಿತು ಅನ್ನುವುದು ಇಲ್ಲಿದೆ.

ಒಂದೇ ಸಾಮಾನಿಗೆ ದುಡ್ಡಿದೆ ಅಂದರೆ ಲೂಪ್ (ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಕೊಳ್ಳಿ, ಉಜ್ಜುವ ಹಾಳೆ ಅಲ್ಲ. ಬೆಂಗಳೂರಿನಲ್ಲಾದರೆ ನಗರ್ತಪೇಟೆ, ಚಿಕ್ಕಪೇಟೆ ಸುತ್ತ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. 10 ಪಟ್ಟಿನದು ಸಾಕು. 40, 60 ಪಟ್ಟು ಎಂದು ಬರೆದ ಅಗ್ಗದ ಲೂಪ್‌ಗಳಲ್ಲಿ ಅಂಚು ಮಸುಕು, ಕಾಣುವ ಜಾಗವೂ ಬೊಟ್ಟಿನಷ್ಟು. 10 ಪಟ್ಟಿನದನ್ನು ಕಣ್ಣಿಗೆ ಒತ್ತಿಟ್ಟು, ನಿಬ್ಬನ್ನು ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಎದುರಿನಿಂದ ನೋಡಿದರೆ ಸೀಳಿನ ಎರಡು ಬದಿಯ ಎಸಳುಗಳೂ ಒಂದೇ ಮಟ್ಟದಲ್ಲಿವೆಯೇ ಎಂಬುದು ತಿಳಿಯುತ್ತದೆ.

ಕೆರೆಯುವ ನಿಬ್‌ಗಳಲ್ಲಿ ಬಹುಪಾಲಿನ ತೊಂದರೆ ಎಸಳುಗಳ ಮಟ್ಟ ತಪ್ಪಿರುವುದೇ, ಒರಟುತನವಲ್ಲ. ಗೆರೆಯನ್ನು ಬಲಕ್ಕೆ ಎಳೆಯುವಾಗ ಮಾತ್ರ ಕೆರೆದರೆ ಎಡ ಎಸಳು (ಬರೆಯುವಾಗ ನಿಮಗೆ ಕಾಣುವ ಎಡ) ಕೆಳಗಿದೆ. ಎಡಕ್ಕೆ ಎಳೆಯುವಾಗ ಕೆರೆದರೆ ಬಲ ಎಸಳು. ಕೆಳಗಿಳಿದ ಎಸಳಿನ ಒಳಅಂಚು ಕಾಗದದ ನಾರಿಗೆ ಸಿಕ್ಕುವುದೇ ಇದಕ್ಕೆ ಕಾರಣ. ಆ ಎಸಳನ್ನು ಕೆಳಗಿನಿಂದ ಹೆಬ್ಬೆರಳ ಉಗುರಿನಲ್ಲಿ ಮೆಲ್ಲಗೆ ಮೇಲೆತ್ತಿ, ಐದು ಸೆಕೆಂಡ್ ಹಿಡಿದು ಬಿಡಿ, ಮತ್ತೆ ಲೂಪಿನಲ್ಲಿ ನೋಡಿ. ಇದನ್ನು ಬಿಟ್ಟು ನೇರ ಉಜ್ಜಲು ಹೋದರೆ ಒಂದು ಎಸಳಿನ ತುದಿ ಮಾತ್ರ ಸವೆಯುತ್ತದೆ. ಆಮೇಲೆ ಮಟ್ಟ ಸರಿಮಾಡಿದರೂ ಎರಡು ತುದಿ ಸಮ ಆಗುವುದಿಲ್ಲ.

ಸೀಳಿನಲ್ಲಿ ಒಣಗಿದ ಶಾಯಿ ಅಥವಾ ಕಾಗದದ ನಾರು ಕೂತಿದ್ದರೆ ಅದನ್ನು ತೆಗೆಯಲು 0.05 ಮಿಲಿಮೀಟರ್ ದಪ್ಪದ ಹಿತ್ತಾಳೆ ಶಿಮ್, ಅಂದರೆ ತೆಳು ಹಾಳೆ, ಬೇಕು. ಜೆ.ಸಿ. ರಸ್ತೆಯಂಥ ವಾಹನ ಬಿಡಿಭಾಗದ ಪೇಟೆಯಲ್ಲಿ ವಿಚಾರಿಸಿ. ಸಿಗದಿದ್ದರೆ ಫೀಲರ್ ಗೇಜಿನ (ಸಂದಿನ ಅಗಲ ಅಳೆಯುವ ಸಲಕರಣೆ) ಅತಿ ತೆಳು ಎಲೆ ಆದೀತು, ಆದರೆ ಅದು ಸ್ಟೀಲು, ನಿಬ್ಬಿನ ಲೇಪನ ಗೀಚುವ ಭಯ ಇದ್ದೇ ಇದೆ. ಗಡ್ಡದ ಬ್ಲೇಡು ಮಾತ್ರ ಬೇಡ. ಅದರ ದಪ್ಪ ಸುಮಾರು 0.1 ಮಿಲಿಮೀಟರ್, ಎಸಳುಗಳನ್ನು ಅಗಲಿಸಿ ಶಾಯಿ ಧಾರಾಳವಾಗಿ ಹರಿಯುವಂತೆ ಮಾಡಿಬಿಡುತ್ತದೆ.

ಈಗ ಉಜ್ಜುವ ಹಾಳೆಗಳ ವಿಚಾರ. ಫೈಬರ್ ಆಪ್ಟಿಕ್ ಕೇಬಲಿನ ಕನೆಕ್ಟರ್ ತುದಿ ಪಾಲಿಶ್ ಮಾಡಲು ಬಳಸುವ ಅಲ್ಯೂಮಿನಿಯಂ ಆಕ್ಸೈಡ್ ಲ್ಯಾಪಿಂಗ್ ಫಿಲ್ಮ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೆಟ್‌ವರ್ಕ್ ಉಪಕರಣ ಮಾರುವವರಲ್ಲಿ 127 ಮಿಲಿಮೀಟರ್ ವ್ಯಾಸದ ಬಿಲ್ಲೆಯಾಗಿ ಸಿಗುತ್ತದೆ. ಕೊಳ್ಳುವಾಗ ಗ್ರಿಟ್ ಸಂಖ್ಯೆ (ಒರಟುತನ ಸೂಚಿಸುವ ಅಂಕಿ) ನಂಬಬೇಡಿ; ಮೈಕ್ರೋಮೆಶ್‌ನ ಅಂಕಿಗೂ ಮಾಮೂಲಿ ಉಜ್ಜುವ ಹಾಳೆಯ ಅಂಕಿಗೂ ತಾಳೆಯಿಲ್ಲ. ಕಣದ ಗಾತ್ರವನ್ನು ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕೇಳಿ. 3 ಮತ್ತು 1 ಮೈಕ್ರಾನ್ ತಲಾ ಒಂದು ಬಿಲ್ಲೆ ಇದ್ದರೆ ಆಯಿತು. 0.3 ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ. 2 × 5 ಸೆಂಟಿಮೀಟರ್ ಪಟ್ಟಿಗಳಾಗಿ ಕತ್ತರಿಸಿದರೆ ಒಂದು ಬಿಲ್ಲೆಯಲ್ಲಿ ಎಂಟು ಬರುತ್ತವೆ. ಪ್ಲಾಸ್ಟಿಕ್ ಬೆನ್ನಿರುವುದರಿಂದ ನೀರಿಗೆ ಹಾಳಾಗುವುದಿಲ್ಲ. ತೊಳೆದು ಮತ್ತೆ ಬಳಸಬಹುದು.

ವಿಧಾನ ಇಷ್ಟು: ಪೆನ್ನಿನಲ್ಲಿ ಶಾಯಿ ತುಂಬಿರಲಿ, ಒಣ ನಿಬ್ ಉಜ್ಜಬೇಡಿ. ನೀವು ಬರೆಯುವ ಕೋನದಲ್ಲೇ ಹಿಡಿದು, ಪೆನ್ನಿನ ಭಾರ ಬಿಟ್ಟು ಬೇರೆ ಒತ್ತಡ ಹಾಕದೆ, 1 ಮೈಕ್ರಾನ್ ಫಿಲ್ಮಿನ ಮೇಲೆ ಅಡ್ಡ ಮಲಗಿದ 8ರ ಆಕಾರವನ್ನು ಹತ್ತು ಸಲ ಬರೆಯಿರಿ. ಕಾಗದದ ಮೇಲೆ ಒಂದು ಸಾಲು ಬರೆದು ನೋಡಿ. ಸಾಲದಿದ್ದರೆ ಇನ್ನು ಐದು. ಐದರಂತೆ ಏರಿಸಿ, ಐವತ್ತಕ್ಕೆ ಹಾರಬೇಡಿ.

ಫ್ಯಾನ್ಸಿ ಸ್ಟೋರಿನ ನಾಲ್ಕು ಮುಖದ ಉಗುರು ಬಫರ್ ನೂರು ರೂಪಾಯಿಯೊಳಗೆ ಬರುತ್ತದೆ, ಎಲ್ಲರೂ ಮೊದಲು ಅದನ್ನೇ ಸೂಚಿಸುತ್ತಾರೆ. ಅದರ ಹೊಳಪಿನ ಮುಖ ನಿಬ್ಬನ್ನು ನಿಜಕ್ಕೂ ಬೆಣ್ಣೆ ಮಾಡುತ್ತದೆ. ತೊಂದರೆ ಇರುವುದು ಒಳಗಿನ ಫೋಮಿನಲ್ಲಿ. ಮೆತ್ತಗಿನ ಬೆನ್ನು ಸೀಳಿನ ಬಾಯಿಗೆ ಉಬ್ಬಿಕೊಂಡು ಎರಡೂ ಒಳಅಂಚುಗಳನ್ನು ದುಂಡಗೆ ಮಾಡುತ್ತದೆ. ಆಗ ಶಾಯಿ ಕಾಗದವನ್ನು ಮುಟ್ಟದೆ ಮೇಲೆಯೇ ನಿಲ್ಲುತ್ತದೆ, ಅಕ್ಷರದ ಮೊದಲ ಗೆರೆ ಬೀಳುವುದೇ ಇಲ್ಲ. ಪೆನ್ ಬಳಗದಲ್ಲಿ ಇದಕ್ಕೆ ಬೇಬೀಸ್ ಬಾಟಮ್ ಎನ್ನುತ್ತಾರೆ. ಮೈಕ್ರೋಮೆಶ್‌ನ ಫೋಮ್ ಪ್ಯಾಡಿಗೂ ಇದೇ ಮಾತು. ಬಫರನ್ನು ಕೊನೆಯ ನಾಲ್ಕೈದು ಸುತ್ತಿಗೆ ಮಾತ್ರ ಇಟ್ಟುಕೊಳ್ಳಿ.

ಆಗಲೇ ಹಾಗಾಗಿದ್ದರೆ ಪರಿಹಾರ ಗಟ್ಟಿ ಬೆನ್ನು. ಒಡೆಯದ ಹಳೆಯ ಮೊಬೈಲ್ ಗಾಜಿನ ಮೇಲೆ 3 ಮೈಕ್ರಾನ್ ಪಟ್ಟಿಯನ್ನು ನೀರಿನಿಂದ ಅಂಟಿಸಿ ಹತ್ತು 8, ಪರೀಕ್ಷೆ, ಮತ್ತೆ ಹತ್ತು. ಸುತ್ತಲಿನ ಲೋಹ ಸವೆದು ಸೀಳಿನ ಅಂಚು ಕಾಗದಕ್ಕೆ ತಾಗಿದ ಕೂಡಲೇ ಶಾಯಿ ಹಿಡಿಯುತ್ತದೆ. ಅಲ್ಲಿಗೆ ನಿಲ್ಲಿಸಿ 1 ಮೈಕ್ರಾನಿನಲ್ಲಿ ಐದು ಸುತ್ತು. ಗಾಜಿನ ಮೇಲೆ ಒಂದೇ ಕೋನದಲ್ಲಿ ಹೆಚ್ಚು ಹೊತ್ತು ಉಜ್ಜಿದರೆ ತುದಿ ಚಪ್ಪಟೆಯಾಗುತ್ತದೆ, ಹಾಗಾಗಿ ಪೆನ್ನನ್ನು ಬೆರಳುಗಳ ನಡುವೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಿ.

ಕಾರಿನ ಪೇಂಟ್ ಅಂಗಡಿಯ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಹಾಳೆ) ಎಲ್ಲಕ್ಕಿಂತ ಅಗ್ಗ. ಆದರೆ 2000 ನಂಬರಿನ ಕಣವೇ ಸುಮಾರು 10 ಮೈಕ್ರಾನ್. ಅದು ನುಣುಪಿಗಲ್ಲ, ಆಕಾರ ಬದಲಿಸಲು. ದಪ್ಪ ನಿಬ್ಬನ್ನು ಇಟಾಲಿಕ್ (ಚಪ್ಪಟೆ ತುದಿಯದು) ಮಾಡುವವರಿಗೆ ಬೇಕಾದೀತು. ಟೂತ್‌ಪೇಸ್ಟ್ ಮಾತು ಬಿಟ್ಟುಬಿಡಿ. ಅದರಲ್ಲಿನ ಸುಣ್ಣಕಲ್ಲಿನಂಥ ಮೆದು ಪುಡಿ ನಿಬ್ ತುದಿಯ ಗಟ್ಟಿ ಮಿಶ್ರಲೋಹಕ್ಕೆ ಏನೂ ಮಾಡುವುದಿಲ್ಲ, ಹೋಗಿ ಸೀಳಿನಲ್ಲಿ ಕೂರುತ್ತದೆ. ಲೋಹ ಹೊಳಪಿಸುವ ಹಸಿರು ಪಾಲಿಶ್ ಕಡ್ಡಿ ಕೆಲಸ ಮಾಡುತ್ತದೆ ನಿಜ, ಆದರೆ ಅದರ ಮೇಣ ನಿಬ್ಬಿಗೆ ಶಾಯಿ ತರುವ ಫೀಡಿನೊಳಗೆ ಸೇರಿದರೆ ಶಾಯಿ ಹರಿವು ನಿಂತು ಪೆನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಕೆಲವು ತೀರಾ ಅಗ್ಗದ ನಿಬ್‌ಗಳಿಗೆ ಗಟ್ಟಿ ತುದಿಯೇ ಇರುವುದಿಲ್ಲ, ಸ್ಟೀಲನ್ನೇ ಮಡಚಿ ಗುಂಡು ಮಾಡಿರುತ್ತಾರೆ. ಲೂಪಿನಲ್ಲಿ ಆ ಮಡಿಕೆ ಕಾಣುತ್ತದೆ. ಅಂಥದ್ದಕ್ಕೆ 3 ಮೈಕ್ರಾನ್ ಮುಟ್ಟಿಸಬೇಡಿ, 1 ಮೈಕ್ರಾನಿನಲ್ಲೂ ಮೂರ್ನಾಲ್ಕು ಸುತ್ತಿಗೇ ನಿಲ್ಲಿಸಿ. ಪಟ್ಟಿಗಳನ್ನು ಮೈಕ್ರಾನ್ ಬರೆದ ಬೇರೆ ಬೇರೆ ಲಕೋಟೆಗಳಲ್ಲಿ ಇಡಿ. 3ರ ಒಂದು ಕಣ 1ರ ಹಾಳೆಗೆ ಅಂಟಿದರೂ ನುಣುಪಾದ ತುದಿಯ ಮೇಲೆ ಮತ್ತೆ ಗೀರು ಬೀಳುತ್ತದೆ.