ಕೂಲಂಟ್ ಪ್ರೆಶರ್ ಟೆಸ್ಟರ್ ಕಿಟ್: ಕಾಣದ ಸೋರಿಕೆ ಹಿಡಿಯಲು ಕೈಪಂಪ್ ಎಷ್ಟು ಉಪಯೋಗ?

ಎರಡು ವಾರಕ್ಕೊಮ್ಮೆ ಬಾಟಲಿಯಲ್ಲಿ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಒಂದು ಬೆರಳಿನಷ್ಟು ಇಳಿದಿರುತ್ತದೆ, ಗಾಡಿ ನಿಲ್ಲಿಸಿದ ಜಾಗದಲ್ಲಿ ನೋಡಿದರೆ ಒಂದು ಹನಿಯೂ ಇರುವುದಿಲ್ಲ. ಹಿಡಿಯಲು ಕಷ್ಟವಾಗುವುದು ಇಂಥ ಸೋರಿಕೆಯೇ. ಎಂಜಿನ್ ಕಾದು ಒಳಗೆ ಒತ್ತಡ ಏರಿದಾಗ ಮಾತ್ರ ಕೂಲಂಟ್ ಜಿನುಗುತ್ತದೆ, ಜಿನುಗಿದ್ದು ಬಿಸಿ ಲೋಹದ ಮೇಲೆ ಅಲ್ಲೇ ಆರಿಹೋಗುತ್ತದೆ. ತಣ್ಣಗಾದ ಮೇಲೆ ಬಾನೆಟ್ ಎತ್ತಿದರೆ ಒತ್ತಡವೂ ಇಲ್ಲ, ಹನಿಯೂ ಇಲ್ಲ. ಕೈಪಂಪಿನ ಪ್ರೆಶರ್ ಟೆಸ್ಟರ್ ತಣ್ಣಗಿರುವ ಎಂಜಿನ್ನಿಗೆ ಓಡುವಾಗಿನ ಒತ್ತಡ ಕೊಡುತ್ತದೆ. ಕೈ ಸುಡದೆ, ಫ್ಯಾನಿಗೆ ಹೆದರದೆ, ಟಾರ್ಚ್ ಹಿಡಿದು ನಿಧಾನವಾಗಿ ಹುಡುಕಬಹುದು. ಈ ಒಂದು ಕಾರಣಕ್ಕೇ ಈ ಕಿಟ್ ಕೊಳ್ಳಲು ಯೋಗ್ಯ.

ಪೆಟ್ಟಿಗೆಯಲ್ಲಿ ಗೇಜ್ ಕೂರಿಸಿದ ಪಂಪ್, ಹೋಸ್, ರೇಡಿಯೇಟರ್ ಅಥವಾ ಎಕ್ಸ್‌ಪಾನ್ಷನ್ ಟ್ಯಾಂಕಿನ ಬಾಯಿಗೆ ಕೂರುವ ಅಡಾಪ್ಟರ್‌ಗಳು, ಮುಚ್ಚಳವನ್ನು ಪರೀಕ್ಷಿಸುವ ಜೋಡಣೆ ಇರುತ್ತವೆ. ಎಷ್ಟು ಅಡಾಪ್ಟರ್ ಇವೆ ಎಂದು ಎಣಿಸಿ ಕೊಳ್ಳಬೇಡಿ. ಒಂದು ಗಾಡಿಗೆ ಬೇಕಿರುವುದು ಒಂದೇ, ಅದು ಪೆಟ್ಟಿಗೆಯಲ್ಲಿದೆಯೇ ಎಂದು ನೋಡಿದರೆ ಸಾಕು. ಎಲ್ಲ ಬಾಯಿಗೂ ಆಗುತ್ತದೆ ಎಂದು ಮಾರುವ ಉಬ್ಬುವ ರಬ್ಬರ್ ಬಿರಡೆಗಿಂತ, ತಿರುಪಿ ಕೂರಿಸುವ ಅಡಾಪ್ಟರ್‌ಗೇ ನಮ್ಮ ಓಟು. ಒದ್ದೆ ಗೋಡೆಯ ಮೇಲೆ ರಬ್ಬರ್ ಜಾರುತ್ತದೆ, ಬಿಗಿಯಲೆಂದು ಹೆಚ್ಚು ಉಬ್ಬಿಸಿದರೆ ಹಳೆಯ ಪ್ಲಾಸ್ಟಿಕ್ ಬಾಯಿ ಸೀಳುವ ಅಪಾಯವಿದೆ.

ಗೇಜಿನ ಅಳತೆಯನ್ನೂ ನೋಡಬೇಕು. ಹೆಚ್ಚಿನ ಕಾರುಗಳ ಮುಚ್ಚಳದ ಮೇಲೆ, ಅದು ಎಷ್ಟು ಒತ್ತಡಕ್ಕೆ ಬಿಟ್ಟುಕೊಡುತ್ತದೆ ಎಂಬುದನ್ನು 0.9, 1.1 ಅಥವಾ 1.4 ಬಾರ್ ಎಂದು ಬರೆದಿರುತ್ತದೆ. ಗೇಜ್ 2.5 ಬಾರ್‌ವರೆಗಿದ್ದರೆ ಮುಳ್ಳು ನಡುವೆ ನಿಲ್ಲುತ್ತದೆ, 0.05 ಬಾರ್ ಇಳಿದರೂ ಕಣ್ಣಿಗೆ ಬೀಳುತ್ತದೆ. 7 ಅಥವಾ 10 ಬಾರ್‌ವರೆಗಿನ ಗೇಜಿನಲ್ಲಿ ಅಷ್ಟು ಸಣ್ಣ ಇಳಿಕೆ ಗೊತ್ತೇ ಆಗುವುದಿಲ್ಲ. ಸಣ್ಣ ಸೋರಿಕೆ ಹುಡುಕುವವರಿಗೆ ಅಂಥ ಕಿಟ್ ದಂಡ.

ಈ ಕಿಟ್‌ಗಳ ನಿಜವಾದ ದೌರ್ಬಲ್ಯ ಎಂದರೆ ಅವೇ ಸೋರುತ್ತವೆ. ಪಂಪಿನ ವಾಲ್ವ್, ಹೋಸಿನ ಕಪ್ಲರ್, ಅಡಾಪ್ಟರಿನ ಓ-ರಿಂಗ್ (ರಬ್ಬರ್ ಬಳೆ) ಈ ಮೂರರಲ್ಲಿ ಯಾವುದು ಸಡಿಲವಿದ್ದರೂ ಮುಳ್ಳು ಇಳಿಯುತ್ತದೆ, ತಪ್ಪು ಮಾತ್ರ ಎಂಜಿನ್ನಿನ ತಲೆಗೆ ಬರುತ್ತದೆ. ಆದ್ದರಿಂದ ಮೊದಲು ಉಪಕರಣವನ್ನೇ ಪರೀಕ್ಷಿಸಿ. ಹೋಸಿನ ತುದಿ ಮುಚ್ಚಿ, 1 ಬಾರ್‌ವರೆಗೆ ಪಂಪ್ ಮಾಡಿ, 10 ನಿಮಿಷ ಹಾಗೇ ಬಿಡಿ. ಮುಳ್ಳು ಅಲುಗಬಾರದು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ನೋಡಿ. ಬಹಳ ಸಲ ಓ-ರಿಂಗ್ ಬದಲಿಸಿದರೆ ಸರಿಹೋಗುತ್ತದೆ. ಗಾಡಿಗೆ ಕೂರಿಸುವಾಗ ಅದೇ ಓ-ರಿಂಗಿಗೆ ಒಂದು ಹನಿ ಕೂಲಂಟ್ ಸವರಿ. ಗ್ರೀಸ್ ಬೇಡ. ಕೂಲಂಟ್ ಭಾಗಗಳಲ್ಲಿ ಹೆಚ್ಚಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಾಕಿದರೆ ಉಬ್ಬಿ ಕೆಡುತ್ತದೆ.

ಪರೀಕ್ಷೆಗೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ. ಅದೂ ಅಲ್ಲದೆ, ಆರುತ್ತಿರುವ ಎಂಜಿನ್ನಿನಲ್ಲಿ ಸೋರಿಕೆ ಇಲ್ಲದಿದ್ದರೂ ಒತ್ತಡ ಇಳಿಯುತ್ತಾ ಹೋಗುತ್ತದೆ. ಕೂಲಂಟನ್ನು ಗುರುತಿನವರೆಗೆ ತುಂಬಿಸಿಯೇ ಶುರುಮಾಡಿ. ಒಳಗೆ ಗಾಳಿ ಹೆಚ್ಚಿದ್ದಷ್ಟೂ ಸಣ್ಣ ಸೋರಿಕೆಗೆ ಮುಳ್ಳು ಸ್ಪಂದಿಸುವುದು ನಿಧಾನ. ಸಾಲದ್ದಕ್ಕೆ, ಮೇಲಿನ ಹೋಸಿನಲ್ಲಿ ಬಿರುಕಿದ್ದರೆ ಅಲ್ಲಿಂದ ಗಾಳಿ ಮಾತ್ರ ಹೋಗುತ್ತದೆ, ಹನಿ ಬೀಳುವುದಿಲ್ಲ. ಮುಚ್ಚಳದ ಮೇಲಿನ ಅಂಕೆಯವರೆಗೆ ಪಂಪ್ ಮಾಡಿ, ಅದನ್ನು ದಾಟಬೇಡಿ. ಮೊದಲ ನಿಮಿಷದಲ್ಲಿ ಹೋಸ್‌ಗಳು ಹಿಗ್ಗಿ ಮುಳ್ಳು ಕೊಂಚ ಇಳಿಯುವುದು ಸಹಜ. ಮತ್ತೊಮ್ಮೆ ಏರಿಸಿ, 15 ನಿಮಿಷ ಕಾಯಿರಿ. ಎರಡೇ ನಿಮಿಷಕ್ಕೆ ‘ಎಲ್ಲ ಸರಿಯಿದೆ’ ಎಂದು ಎದ್ದುಬಿಡುವವರೇ ಸಣ್ಣ ಸೋರಿಕೆಯನ್ನು ತಪ್ಪಿಸಿಕೊಳ್ಳುವುದು.

ಕಾಯುವಾಗ ಮುಳ್ಳನ್ನೇ ನೋಡುತ್ತಾ ಕೂರಬೇಡಿ. ಒತ್ತಡ ಹೋಗುತ್ತಿದೆ ಎಂದಷ್ಟೇ ಅದು ಹೇಳುತ್ತದೆ, ಎಲ್ಲಿಂದ ಎಂದು ಹೇಳುವುದು ಹನಿ. ಹೋಸಿನ ತುದಿಗಳು, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ಕವಾಟ) ಕೂರುವ ಹೌಸಿಂಗ್, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂಗೆ ಮಡಚಿ ಕೂಡಿದ ಅಂಚು ಇವುಗಳ ಕೆಳಗೆ ಬೆರಳಾಡಿಸಿ. ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಒಣ ಪುಡಿ ಕೈಗೆ ಹತ್ತಿದರೆ ಅದೇ ಜಾಡು, ಪುಡಿ ಎಲ್ಲಿಂದ ಶುರುವಾಗಿದೆಯೋ ಅಲ್ಲಿಗೆ ಮೇಲೆ ಹೋಗಿ. ವಾಟರ್ ಪಂಪಿನ ಕೆಳಗೆ ಪೆನ್ಸಿಲ್ ಮೊನೆ ಹೋಗುವಷ್ಟು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸೋತಾಗ ಕೂಲಂಟ್ ಬೇರಿಂಗ್ ಕಡೆ ಹೋಗದೆ ಹೊರಗೆ ಬರಲಿ ಎಂದು ಇಟ್ಟ ದಾರಿ ಅದು. ಪುಟ್ಟ ಕನ್ನಡಿ ಹಿಡಿದು ನೋಡಿ: ರಂಧ್ರದ ತುಟಿಯಲ್ಲಿ ಹನಿ ನಿಧಾನವಾಗಿ ತುಂಬಿಕೊಂಡು, ಬೀಳಲೋ ಬೇಡವೋ ಎಂಬಂತೆ ನಡುಗುತ್ತಾ ನಿಂತಿದ್ದರೆ ಪಂಪ್ ಬದಲಿಸಬೇಕು. ಆ ರಂಧ್ರವನ್ನು ಎಂದಿಗೂ ಮುಚ್ಚಬಾರದು.

ಹೊರಗೆಲ್ಲೂ ಹನಿ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಅಂಟಂಟಾದ ತೇವ, ಸಿಹಿ ವಾಸನೆ, ಗಾಜಿನ ಒಳಗೆ ಎಣ್ಣೆಯಂಥ ಮಬ್ಬು ಇದ್ದರೆ ಗಾಡಿಯೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್ ಮೇಲೆ ಸಂಶಯ. ಅಲ್ಲೂ ಇಲ್ಲದಿದ್ದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಮೇಲೆ. ಗ್ಯಾಸ್ಕೆಟ್ ವಿಷಯದಲ್ಲಿ ಈ ಕಿಟ್‌ನ ಮಾತೇ ಅಂತಿಮವಲ್ಲ. ಉರಿದ ಗ್ಯಾಸ್ ಕೂಲಂಟಿಗೆ ಸೇರುತ್ತಿದೆಯೇ ಎಂದು ತಿಳಿಯಲು ನೀಲಿ ದ್ರವ ಹಳದಿಗೆ ತಿರುಗುವ ರಾಸಾಯನಿಕ ಪರೀಕ್ಷೆಯನ್ನೇ ಮಾಡಬೇಕು. ಹಾಗೆಯೇ ಎಂಜಿನ್ ಕಾದು ಹಿಗ್ಗಿದಾಗ ಮಾತ್ರ ಬಾಯ್ಬಿಡುವ ಬಿರುಕೂ ಪಂಪಿಗೆ ಸಿಗದೆ ಹೋಗಬಹುದು. ಅಲ್ಲಿ ಕೂಲಂಟಿಗೆ ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ (ಯುವಿ ಡೈ) ಬೆರೆಸಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡುವುದೇ ಮೇಲು.

ಮುಚ್ಚಳ ಪರೀಕ್ಷಿಸುವ ಜೋಡಣೆಯನ್ನು ಬಹಳ ಜನ ಪೆಟ್ಟಿಗೆಯಿಂದ ಹೊರಗೇ ತೆಗೆಯುವುದಿಲ್ಲ. 1.1 ಬಾರ್ ಮುಚ್ಚಳ 0.7ಕ್ಕೇ ಬಿಟ್ಟುಕೊಟ್ಟರೆ ಕೂಲಂಟ್ ಬೇಗ ಕುದಿಯುತ್ತದೆ, ಬಾಟಲಿ ತುಂಬಿ ಹೊರಚೆಲ್ಲುತ್ತದೆ. ಇಲ್ಲದ ಸೋರಿಕೆ ಹುಡುಕಿ ದಣಿಯುವ ಬದಲು ಮುಚ್ಚಳ ಬದಲಿಸಿದರೆ ಕೆಲಸ ಮುಗಿಯಿತು.

ಸಣ್ಣ ಸೋರಿಕೆಗಳಲ್ಲಿ ಕೈಯಾರೆ ಸರಿಪಡಿಸಲು ಸುಲಭವಾದದ್ದು ಹೋಸಿನ ತುದಿ. ಹೋಸ್ ಇನ್ನೂ ಮೆತ್ತಗಿದ್ದು ಉದ್ದ ಸಾಲುವಂತಿದ್ದರೆ, ಗಟ್ಟಿಯಾದ 10–15 ಮಿಲಿಮೀಟರ್ ತುದಿಯನ್ನು ನೇರವಾಗಿ ಕತ್ತರಿಸಿ. ಕೊಳವೆಯ ಮೇಲಿನ ಪುಡಿಯನ್ನು ಉಜ್ಜಿ ತೆಗೆದು, ಹೋಸ್ ಪೂರ್ತಿ ಏರಿಸಿ, ಕೊಳವೆಯ ಉಬ್ಬು ದಾಟಿದ ಮೇಲೆ ಕ್ಲಿಪ್ ಕೂರಬೇಕು. ಉಬ್ಬಿನ ಮೇಲೆಯೇ ಕೂತರೆ ಮತ್ತೆ ಸೋರುವುದು ಖಂಡಿತ. ಕಂಪನಿಯ ಸ್ಪ್ರಿಂಗ್ ಕ್ಲಿಪ್ ತೆಗೆದು ಸ್ಕ್ರೂ ಕ್ಲಿಪ್ ಹಾಕುವ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ. ರಬ್ಬರ್ ಹಿಗ್ಗಿ ಕುಗ್ಗಿದಂತೆ ಸ್ಪ್ರಿಂಗ್ ಹಿಡಿತ ತಾನೇ ಹೊಂದಿಕೊಳ್ಳುತ್ತದೆ. ಸ್ಕ್ರೂ ಕ್ಲಿಪ್ಪನ್ನು ಬಲವಾಗಿ ಬಿಗಿದರೆ ಹೋಸ್ ಕೊರೆಯುತ್ತದೆ, ರೇಡಿಯೇಟರಿನ ಪ್ಲಾಸ್ಟಿಕ್ ಕೊಳವೆಯೇ ಬಿರುಕು ಬಿಡಬಹುದು. ರೇಡಿಯೇಟರಿಗೆ ಸುರಿಯುವ ಸೋರಿಕೆ ತಡೆ ಪುಡಿ, ದ್ರವಗಳನ್ನು ಊರು ಮುಟ್ಟುವವರೆಗಿನ ಆಪತ್ತಿಗೆ ಮಾತ್ರ ಇಟ್ಟುಕೊಳ್ಳಿ. ಹೋಸಿನ ಸಡಿಲ ತುದಿಗೆ ಅವು ಮದ್ದಲ್ಲ, ಹೀಟರ್ ಕೋರಿನ ಸಣ್ಣ ಕೊಳವೆಗಳನ್ನು ಕಟ್ಟಿಸಿಬಿಡಬಲ್ಲವು.

ರಿಪೇರಿ ಆದ ಮೇಲೆ ಮತ್ತೆ ಪಂಪ್ ಹಾಕಿ 15 ನಿಮಿಷ ನೋಡಿ. ಮುಳ್ಳು ನಿಂತರೆ ಗಾಡಿಯ ಕೈಪಿಡಿ ಹೇಳುವ ಕೂಲಂಟನ್ನೇ ತುಂಬಿಸಿ. ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೂ ಒಳಗಿನ ರಸಾಯನಕ್ಕೂ ಎಲ್ಲ ಕಂಪನಿಗಳಿಗೆ ಒಂದೇ ನಿಯಮವಿಲ್ಲ. ನೀರು ಬೆರೆಸದ ಗಾಢ ಕೂಲಂಟಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಾಮಾನ್ಯವಾಗಿ ಸಮಪಾಲು. ಹೀಟರನ್ನು ಪೂರ್ತಿ ಬಿಸಿಗಿಟ್ಟು, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಗಾಳಿ ಹೊರಹೋಗಲಿ. ಆರಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿಸಿ.

ಅಡಾಪ್ಟರ್ ಬಿಚ್ಚುವ ಮೊದಲು ಒತ್ತಡ ಬಿಡುವ ಗುಂಡಿಯನ್ನು ಒತ್ತಿ ಮುಳ್ಳನ್ನು ಸೊನ್ನೆಗಿಳಿಸುವುದನ್ನು ಮರೆಯಬೇಡಿ. ಈ ಗುಂಡಿಯೇ ಇಲ್ಲದ ಕಿಟ್ ಕೊಳ್ಳಬೇಡಿ. ನೆಲಕ್ಕೆ ಬಿದ್ದ ಕೂಲಂಟನ್ನು ಆಗಲೇ ಒರೆಸಿ ತೊಳೆಯಿರಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ.