ನೀರಿನಡಿಯ ಮೊದಲ ಉಸಿರು: ಐದಕ್ಕೆ ನಾಲ್ಕು ಅಂಕ

ಮೊಣಕಾಲುದ್ದ ನೀರಿಗಿಳಿದರೂ ಎದೆ ಡವಡವ ಅನ್ನುವ, ಈಜೇ ಬಾರದ ನಾನು 47ನೇ ವಯಸ್ಸಿನಲ್ಲಿ ಸ್ಕೂಬಾ ಡೈವಿಂಗ್ ಪರಿಚಯ ತರಗತಿಗೆ ಹೆಸರು ಕೊಟ್ಟೆ. ಮಗಳು ನಂಬಲೇ ಇಲ್ಲ.

ಮೊದಲು ಸೊಂಟಮಟ್ಟದ ನೀರಲ್ಲಿ ಅಭ್ಯಾಸ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡು ಮುಖ ಮುಳುಗಿಸಿದ್ದೇ ತಡ, ಮೈಯೆಲ್ಲ ‘ಉಸಿರು ಹಿಡಿ’ ಅಂತ ಕೂಗಿತು. ಇಲ್ಲಿ ಮಾಡಬಾರದ್ದೇ ಅದು. ಉಸಿರು ಬಿಗಿಹಿಡಿದು ಮೇಲೆ ಬಂದರೆ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಮೂರು ಸಲ ಗಾಬರಿಬಿದ್ದು ಎದ್ದು ನಿಂತೆ. ಶಿಕ್ಷಕಿ ಒಮ್ಮೆಯೂ ‘ಹೆದರಬೇಡಿ’ ಅನ್ನಲಿಲ್ಲ. ‘ಗುಳ್ಳೆಗಳ ಸದ್ದು ಕೇಳಿ’ ಅಂದರು, ಅಷ್ಟೆ. ನಾಲ್ಕನೇ ಸಲ ಕೇಳಿಸಿತು: ಬುಳುಬುಳು, ಒಂದು ಮೌನ, ಮತ್ತೆ ಬುಳುಬುಳು.

ಆಮೇಲೆ ಅವರ ಕೈ ಬಿಡದೆ 6 ಮೀಟರ್ ಆಳಕ್ಕೆ. ಇಳಿಯುತ್ತ ಇಳಿಯುತ್ತ ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು, ಇಲ್ಲದಿದ್ದರೆ ಕಿವಿನೋವು. ನನ್ನ ತೋಳಿನ ಕೆಂಪು ಪಟ್ಟಿ ಮಂಕಾಗಿ ಕಂಡಿತು. ನೀರು ಕೆಂಪು ಬೆಳಕನ್ನೇ ಮೊದಲು ಹೀರಿಕೊಳ್ಳುತ್ತದಂತೆ. ಹೆದರಿಕೆ ಎಲ್ಲಿ ಹೋಯಿತೋ, ಆ ಪಟ್ಟಿಯನ್ನೇ ನೋಡುತ್ತ ಕೂತುಬಿಟ್ಟೆ.

ಒಂದು ಅಂಕ ಕತ್ತರಿಸಿದ್ದು ಯಾಕೆಂದರೆ, ಮಾಸ್ಕ್ ಸಡಿಲವಾಗಿತ್ತು. ಜೊತೆಗೆ ಆಸ್ತಮಾ, ಹೃದಯದ ತೊಂದರೆ ಕೇಳುವ ಆರೋಗ್ಯದ ಫಾರ್ಮನ್ನು ದುಡ್ಡು ಕಟ್ಟಿದ ಮೇಲೆ ಕೊಟ್ಟರು. ಅದು ಮೊದಲೇ ಬೇಕಿತ್ತು.

ಈಗ ವಾರಕ್ಕೆರಡು ದಿನ ಈಜು ಕಲಿಯಲು ಹೋಗುತ್ತಿದ್ದೇನೆ. ಮೂಗಿಗೆ ನೀರು ನುಗ್ಗುವುದು ಇನ್ನೂ ನಿಂತಿಲ್ಲ.